ಮೂರನೆಯದನ್ನು ತೆಗೆದುಬಿಡು

ಜನವರಿ 8

ಭಾವನವರಿಗೆ ಜೀರುಂಡೆಯ ನಮಸ್ಕಾರ.

ಈ ಹೆಸರಿನಿಂದ ನನ್ನನ್ನು ಕರೆಯುವವರು ಜಗತ್ತಿನಲ್ಲಿ ಇಬ್ಬರೇ, ನೀವು ಮತ್ತು ಅಕ್ಕ. ಇಲ್ಲಿ ಯಾರಾದರೂ ಹಾಗೆ ಕರೆದರೆ ಜಗಳಕ್ಕೇ ಹೋದೇನು. ಕಾಗದ ಬರೆದು ಏಳು ತಿಂಗಳಾಯಿತು, ತಪ್ಪು ನನ್ನದೇ. ಮೊದಲ ಆಲ್ಬಂ ಬಂದ ದಿನ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತು ಕೇಳಿ ಅಕ್ಕ ಫೋನು ಕಿತ್ತುಕೊಂಡು ಹೇಳಿದ್ದು ನೆನಪಿದೆಯಲ್ಲ: "ಇನ್ಮೇಲೆ ಏನಿದ್ರೂ ಕಾಗದ ಬರ್ಕೊಳ್ಳಿ. ಕಾಗದದಲ್ಲಿ ಯಾರೂ ಕಿರುಚೋಕಾಗಲ್ಲ. ಮುಂಬದಿ ನಿಮ್ಮಿಬ್ಬರದು, ನಾನು ಓದಲ್ಲ. ಹಿಂಬದಿ ನನ್ನದು." ಆರು ವರ್ಷದಿಂದ ಅದೇ ಕಾನೂನು.

ಈಗ ಬರೆಯುತ್ತಿರುವುದು ಕೆಲಸವಿದ್ದು. ಹೊಸ ಆಲ್ಬಂ ಮುಗಿದಿದೆ. ಮತ್ತೆ ಅದೇ ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್. ಮಾತಿಲ್ಲ, ಹಾಡುವವರಿಲ್ಲ, ಕುಣಿಯುವವರಿಗೆಂದು ಯಂತ್ರದಲ್ಲಿ ಕಟ್ಟಿದ ತಾಳ. ನಿಮ್ಮ ಮುಂದೆ ಮುಚ್ಚಿಡುವುದೇನು, ಜನ ಕುಣಿದದ್ದು ಮೊದಲನೆಯದಕ್ಕೆ ಮಾತ್ರ. ಆಮೇಲಿನ ಎರಡೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಇದೂ ಬಿದ್ದರೆ ಕಂಪನಿಯವರು ಬಾಗಿಲು ತೋರಿಸುತ್ತಾರೆ. ಇಲ್ಲಿ ಅಭಿಪ್ರಾಯ ಹೇಳುವವರಿಗೆ ಬರವಿಲ್ಲ, ಆದರೆ ಎಲ್ಲರೂ ಪಂಡಿತರು. ಕಣ್ಣು ಮುಚ್ಚಿ ಕೇಳಿ, "ಪದರಗಳು ಚೆನ್ನಾಗಿವೆ" ಎನ್ನುತ್ತಾರೆ. ಪದರ ಕಟ್ಟಿಕೊಂಡು ನಾನೇನು ಮಾಡಲಿ?

ನನಗೆ ಬೇಕಾದವರು ನಿಮ್ಮ ಬೂಟು ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕಾಯುವ ಮಂದಿ. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು ನೀವು ಹಾಸಿಕೊಟ್ಟ ಹಳೇ ಕಾಗದದ ಮೇಲೆ. ಅವರು ಸಂಗೀತ ಕೇಳಲು ಬಂದವರಲ್ಲ, ಎದ್ದು ಹೋಗಲೂ ಆಗದವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಮೊದಲ ಆಲ್ಬಂ ಕಟ್ಟುವಾಗ ನೀವೇ ಹೇಳುತ್ತಿದ್ದಿರಿ: "ಬಾಯಿ ಕೇಳಬೇಡ, ಕಾಲು ನೋಡು. ಬಾಯಿ ಮುಖ ನೋಡಿ ಮಾತಾಡುತ್ತೆ, ಹೆಬ್ಬೆರಳು ಯಾರ ಮುಖಾನೂ ನೋಡಲ್ಲ."

ಇದರ ಜೊತೆ ಕಳಿಸಿದ ಸ್ಪೀಕರಿನಲ್ಲಿ ಎಂಟು ತುಣುಕುಗಳಿವೆ, ಆಲ್ಬಂನಲ್ಲಿ ಏಳಕ್ಕೆ ಮಾತ್ರ ಜಾಗ. ನಿಮ್ಮ ಅಂಗಡಿ ಯಾವುದನ್ನು ಬೇಡ ಎನ್ನುತ್ತದೋ ಅದನ್ನು ತೆಗೆಯುತ್ತೇನೆ, ಆಣೆ. ಮೂರನೆಯದನ್ನು ಮಾತ್ರ ನೀವೇ ಕೂತು ಕೇಳಬೇಕು. ಅದರ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮಾರ್ಚ್ ಹತ್ತಕ್ಕೆ ಆಲ್ಬಂನ ಹೊದಿಕೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬರೆಯಿರಿ.

ನಿಮ್ಮ
ಜೀರುಂಡೆ


ಜನವರಿ 19

ಜೀರುಂಡೆಗೆ ಆಶೀರ್ವಾದ.

ನೀನು ಕಳಿಸಿದ ಸ್ಪೀಕರನ್ನು ಪಾಲಿಶ್ ಡಬ್ಬಿಗಳ ಹಲಗೆಯ ಮೇಲೆ ಇಟ್ಟೆ. ಮೊದಲ ತುಣುಕು ಶುರುವಾದದ್ದೇ ತಡ, ಕಪ್ಪು ಪಾಲಿಶಿನ ಡಬ್ಬಿ ತಾನಾಗಿ ನಡೆಯುತ್ತ ಅಂಚಿಗೆ ಬಂದು ಕೆಳಗೆ ಹಾರಿತು. ನಿನ್ನ ಆಲ್ಬಂಗೆ ಮೊದಲು ಕುಣಿದದ್ದು ಅದೇ ಎಂದು ಬರೆದುಕೋ.

ಇನ್ನು ಮನುಷ್ಯರ ವಿಷಯ. ಅಟ್ಟೆ ಬಿಟ್ಟ ಬೂಟು ಹಿಡಿದು ಬಂದ ಮೇಷ್ಟ್ರು ಮೊದಲನೆಯದನ್ನು ಅರ್ಧ ಕೇಳಿ, "ಏನಪ್ಪಾ, ಹಿಟ್ಟಿನ ಗಿರಣಿಯ ಪಟ್ಟೆ ಹರಿದಿದ್ಯಾ?" ಎಂದರು. ನಮ್ಮ ಭಾವಮೈದುನ ಕಟ್ಟಿದ ಸಂಗೀತ ಸಾರ್ ಎಂದೆ. "ಹೌದಾ? ಗಣಿತ ಶುದ್ಧವಾಗಿದೆ" ಎಂದು ಮಾತು ತಿರುಗಿಸಿದರು. ಹೆಬ್ಬೆರಳು ಕಲ್ಲಿನ ಹಾಗಿತ್ತು. ಆಸ್ಪತ್ರೆಯ ನರ್ಸಮ್ಮ ಎರಡನೆಯದಕ್ಕೆ, "ಎದೆ ಹಿಂಗೆ ಬಡ್ಕೊಂಡ್ರೆ ನಾವು ಡಾಕ್ಟರನ್ನ ಎಳ್ಕೊಂಡು ಬರ್ತೀವಿ ಅಣ್ಣ" ಎಂದಳು. ಆದರೆ ಹಿಮ್ಮಡಿ ಎರಡು ಸಲ ಎದ್ದು ಬಿದ್ದದ್ದನ್ನು ನಾನು ನೋಡಿದೆ. ಬಸ್ ಕಂಡಕ್ಟರನ ಬಲಗಾಲಿನ ಬೂಟು ತಿಂಗಳಿಗೊಮ್ಮೆ ಸವೆಯುತ್ತದೆ, ದಿನವಿಡೀ ಆ ಕಾಲಿನ ಮೇಲೇ ನಿಲ್ಲುತ್ತಾನಲ್ಲ. ಅವನು ನಾಲ್ಕನೆಯದನ್ನು ಕೇಳಿ, "ಇದಕ್ಕೆ ಸ್ಟಾಪೇ ಇಲ್ವಲ್ಲಣ್ಣ, ಇಳಿಯೋದೆಲ್ಲಿ?" ಎಂದ. ಚೀಲದ ಜಿಪ್ ಹಾಕಿಸಲು ಬಂದ ಅಜ್ಜಿಯೊಬ್ಬಳು ತಾಳ್ಮೆಯಿಂದ ಕೂತು, "ಹಾಡೋಳು ಯಾವಾಗ ಬರ್ತಾಳೆ?" ಎಂದು ಕೇಳಿದಳು. ಬರುವುದಿಲ್ಲ ಅಜ್ಜಿ ಎಂದೆ. "ಅಯ್ಯೋ, ಜಗಳ ಆಡ್ಕೊಂಡು ಹೋದ್ಲಾ?" ಎಂದಳು.

ಮೂರನೆಯದನ್ನು ಇನ್ನೂ ಹಾಕಿಲ್ಲ. ಕೂತು ಕೇಳಿ ಎಂದು ಬರೆದಿದ್ದೀಯೆ, ಕೂರುವ ದಿನ ಬರಲಿ ಎಂದು ದಾಟಿಸುತ್ತಿದ್ದೇನೆ.

ನೀನು ಹಳೆಯ ಕೋಣೆಯ ಮಾತು ತೆಗೆದೆ. ಮೊದಲ ಆಲ್ಬಂನ ತಾಳವೆಲ್ಲ ನನ್ನ ಸುತ್ತಿಗೆಯದು ಎಂದು ನಿನಗೆ ಗೊತ್ತು, ನನಗೆ ಗೊತ್ತು, ನಿನ್ನ ಅಕ್ಕನಿಗೆ ಗೊತ್ತು. ಹೊದಿಕೆಯ ಮೇಲೆ ಒಂದೇ ಹೆಸರು ಎಂದು ಕಂಪನಿಯವರು ಹೇಳಿದರೆ ನೀನಾದರೂ ಏನು ಮಾಡುತ್ತೀಯೆ. ಮೂರು ಜನಕ್ಕೆ ಗೊತ್ತಿದ್ದರೆ ಸಾಕು. ಹಳೆಯ ಅಟ್ಟೆ, ಅದಕ್ಕೆ ಮತ್ತೆ ಮೊಳೆ ಹೊಡೆಯುವುದು ಬೇಡ.

ಇದನ್ನು ಮಡಚಿ ನಿನ್ನ ಅಕ್ಕನ ಕೈಗೆ ಕೊಡುತ್ತೇನೆ. ಅಂಚೆ ಡಬ್ಬಿಗೆ ಹಾಕುವವಳು ಅವಳೇ. ಹಿಂಬದಿಯಲ್ಲಿ ಮಂಡಿನೋವಿನ ವರದಿ ಇರುತ್ತದೆ. ನಾನು ಅದನ್ನು ಓದುವುದಿಲ್ಲ, ದಿನವೂ ಕೇಳುತ್ತಲೇ ಇರುತ್ತೇನೆ.

ಭಾವ

(ಹಿಂಬದಿ)
ತಮ್ಮಾ, ಎಡಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ. ಹೊಲಿಗೆ ಯಂತ್ರ ತುಳಿಯುವಾಗ ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸ್ಪೀಕರ್ ಬಂದಾಗಿನಿಂದ ಇವರು ಗೆಲುವಾಗಿದ್ದಾರೆ, ತೋರಿಸಿಕೊಳ್ಳುವುದಿಲ್ಲ. — ಅಕ್ಕ


ಜನವರಿ 27

ಭಾವ,

ನಿಮ್ಮ ಕಾಗದ ಓದಿ ಬಹಳ ದಿನದ ಮೇಲೆ ನಕ್ಕೆ. ಆ ಅಜ್ಜಿಗೆ ಹೇಳಿ, ಹಾಡುವವಳು ಜಗಳವಾಡಲೂ ಬರಲಿಲ್ಲ ಎಂದು.

ಮೂರನೆಯದನ್ನು ಬೇಗ ಕೇಳಿ. ನಾನು ಕಾಯುತ್ತಿರುವುದು ಅದೊಂದಕ್ಕೇ.

ಇನ್ನೊಂದು, ಸುಮ್ಮನೆ ಕೇಳುತ್ತಿದ್ದೇನೆ: ನೀವು ಪೂರ್ತಿ ಹೆಸರು ಬರೆಯುವಾಗ ಮುಂದೆ ಊರಿನ ಅಕ್ಷರ ಹಾಕುತ್ತೀರೋ, ತಂದೆಯವರದೋ?

ಜೀರುಂಡೆ


ಫೆಬ್ರವರಿ 6

ಜೀರುಂಡೆಗೆ,

ಹೆಸರಿನ ಮುಂದೆ ನಮ್ಮಪ್ಪನ ಅಕ್ಷರ.

ಯಾವ ಬರಹಕ್ಕೆ ನನ್ನ ಸಹಿ ಬೇಕಾಗಿದೆಯೋ ಅದನ್ನು ನೇರವಾಗಿ ಕಳಿಸು. ಮುಂದೆ ಇವನು ತಾಳ ನನ್ನದೆಂದು ಬಾಯಿ ತೆರೆಯದಿರಲಿ ಎಂದು ಬರೆಸಿಕೊಳ್ಳುವ ಕಾಗದವಾದರೂ ಅಡ್ಡಿಯಿಲ್ಲ. ಸುತ್ತು ಬಳಸು ಬೇಡ.

ಮೂರನೆಯದನ್ನು ಕೇಳಿದೆ. ಕೂತೇ ಕೇಳಿದೆ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಂದಾನೊಂದು ಕಾಲದಲ್ಲಿ ಇಬ್ಬರು ನೆಂಟರಿದ್ದರಂತೆ. ಒಬ್ಬ ಬಾವಿ ತೋಡಿದ. ಕೆಸರಾದ ಮೈ ತೊಳೆದು ಬರುತ್ತೇನೆಂದು ಹೊಳೆಗೆ ಹೋದ. ಅವನು ತಿರುಗಿ ಬರುವಷ್ಟರಲ್ಲಿ ಇನ್ನೊಬ್ಬ ಆ ನೀರಿಗೆ ತನ್ನ ಹೆಸರಿಟ್ಟಿದ್ದ. ದಾರಿಹೋಕರು ಕುಡಿದು ಅವನನ್ನು ಹರಸಿ ಹೋಗುತ್ತಿದ್ದರು. ತೋಡಿದವನಿಗೂ ಬಾಯಾರಿಕೆ. ಅವನು ಬೊಗಸೆಯೊಡ್ಡಿದಾಗ ಇನ್ನೊಬ್ಬ ಕೇಳಿದನಂತೆ, "ನೀರು ಹೇಗಿದೆ? ನಿನ್ನ ಅಭಿಪ್ರಾಯ ಹೇಳು." ಅಜ್ಜಿ ಅಲ್ಲಿಗೆ ನಿಲ್ಲಿಸುತ್ತಿದ್ದಳು. ಆಮೇಲೇನಾಯಿತು ಅಜ್ಜಿ ಎಂದರೆ, "ಆಮೇಲೆ ನಿದ್ದೆ ಮಾಡು" ಎನ್ನುತ್ತಿದ್ದಳು.

ನೀನೂ ಅಭಿಪ್ರಾಯ ಕೇಳಿದ್ದೀಯೆ, ಹೇಳುತ್ತೇನೆ. ಮೂರನೆಯದು ಯಾರಿಗೂ ಹಿಡಿಸಲಿಲ್ಲ. ನಾಲ್ಕು ಏಟು ನೆಟ್ಟಗೆ ಬಿದ್ದು ಐದನೆಯದು ತಡವಾಗುತ್ತದೆ, ಕುಂಟ ನಡೆದ ಹಾಗೆ. ಮೇಷ್ಟ್ರು, "ತಾಳ ತಪ್ಪಿದೆ" ಎಂದರು. ನರ್ಸಮ್ಮ ತಲೆನೋವು ಎಂದಳು. ಕಂಡಕ್ಟರ್, "ಈ ಬಸ್ಸು ಪಂಚರ್" ಎಂದ. ಬಾಯಿಯ ಮಾತು ಬಿಡು, ಕಾಲು ಹೇಳುತ್ತೇನೆ: ಒಂದು ಬೆರಳೂ ಅಲುಗಲಿಲ್ಲ. ಉಳಿದ ಏಳೂ ಪರವಾಗಿಲ್ಲ. ಒಂದನ್ನು ತೆಗೆಯಬೇಕೆಂದಿದ್ದರೆ ಮೂರನೆಯದನ್ನು ತೆಗೆದುಬಿಡು.

ಭಾವ

(ಹಿಂಬದಿ)
ತಮ್ಮಾ, ಮಂಡಿ ಹಾಗೇ ಇದೆ. ಆ ಮೂರನೆಯದನ್ನ ಏನೋ ಮಾಡಿದ್ದೀಯೋ ಮಾರಾಯ! ಅದರಲ್ಲಿರೋದು ಆಗ ನೀನು ಹಿಡಿದಿಟ್ಟುಕೊಂಡಿದ್ದ ಇವರ ಸುತ್ತಿಗೆ ಸದ್ದು ಅಲ್ಲವೇನೋ? ನಾಲ್ಕು ಏಟು ಹೊಡೆದು, ತುಟಿಯಿಂದ ಮುಂದಿನ ಮೊಳೆ ತೆಗೆಯೋವಾಗ ಆಗೋ ತಡ. ಹದಿನೆಂಟು ವರ್ಷದಿಂದ ಆ ಸದ್ದಿನ ಪಕ್ಕ ಕೂತು ಹೊಲಿದಿದ್ದೇನೆ, ನನಗೆ ತಿಳಿಯಲ್ವಾ? ಕಂಡಕ್ಟರ್ ಒಂದೇ ಬೂಟಿನಲ್ಲಿ ಎದ್ದು ಕುಣಿದುಬಿಟ್ಟ. ನರ್ಸಮ್ಮ ಎರಡನೇ ಸಲ ಹಾಕಿಸಿದಳು. ಮೇಷ್ಟ್ರಂಥ ಮೇಷ್ಟ್ರು ಕಾಲು ಆಡಿಸಿದರು, ನಾನು ನೋಡಿದ್ದಕ್ಕೆ ನಾಚಿಕೊಂಡರು. ಇವರು ಗೋಡೆ ಕಡೆ ತಿರುಗಿ ಕೂತಿದ್ದರು. ಕಣ್ಣು ಕೆಂಪಗಿತ್ತು, ಅಂಟಿನ ಘಾಟು ಅಂದರು. ಸಂತೋಷಕ್ಕೆ ಅಂತ ನನಗೆ ಗೊತ್ತಾಯಿತು. ಇದೆಲ್ಲ ಇವರು ಮುಂಬದಿಯಲ್ಲಿ ಬರೆದೇ ಇರುತ್ತಾರೆ, ಆದರೂ ನನ್ನ ಬಾಯಲ್ಲೂ ಕೇಳು. ಊಟ ಮಾಡು. — ಅಕ್ಕ


ಫೆಬ್ರವರಿ 20

ಭಾವನವರಿಗೆ,

ನಿಮ್ಮ ಕಾಗದ ಓದಿದೆ. ಎರಡು ಸಲ ಓದಿದೆ. ಪೂರ್ತಿ ಓದಿದೆ.

ಇನ್ನೊಮ್ಮೆ ಅಂಗಡಿಯಲ್ಲಿ ಹಾಕಿ ನೋಡಿ. ಮಾರ್ಚ್ ಹತ್ತರ ತನಕ ಸಮಯವಿದೆ. ಆಮೇಲೆ ನಾನೇ ಬೇಕೆಂದರೂ ಬದಲಿಸಲಾಗುವುದಿಲ್ಲ. ನೀವು ನೋಡಿದ ಕಾಲುಗಳನ್ನು ಮತ್ತೊಮ್ಮೆ ನೆನಪಿಸಿಕೊಂಡು, ಮೂರನೆಯದು ಇರಲೋ ಬೇಡವೋ, ಒಂದೇ ಮಾತು ಬರೆಯಿರಿ. ನೀವು ಬರೆದಂತೆ ಮಾಡುತ್ತೇನೆ.

ಸಹಿಯ ಕಾಗದ ಯಾವುದೂ ಇಲ್ಲ.

ಇಂತಿ


ಮಾರ್ಚ್ 3

ಒಂದೇ ಮಾತು ಕೇಳಿದ್ದೀಯೆ: ಬೇಡ.

ಆದರೂ ಇನ್ನೆರಡು ಸೇರಿಸುತ್ತೇನೆ, ಕಾಗದ ಖಾಲಿ ಹೋಗಬಾರದು. ಮತ್ತೊಮ್ಮೆ ಹಾಕಿದೆ. ಕಂಡಕ್ಟರ್ ಅರ್ಧಕ್ಕೇ ಎದ್ದು ಹೋದ, ಬೂಟಿಗೆ ಮೊಳೆ ಸಹ ಪೂರ್ತಿ ಬಿದ್ದಿರಲಿಲ್ಲ. ಹೊಸಬರೊಬ್ಬರು ಅಡ್ವೊಕೇಟು ಬಂದಿದ್ದರು. ಅವರೂ, "ಇದನ್ನ ಯಾರು ಹೊಡೆದದ್ದೋ, ಅವರಿಗೆ ಕಸುಬು ಗೊತ್ತಿಲ್ಲ" ಎಂದರು. ಕಸುಬು ಗೊತ್ತಿಲ್ಲದವರ ಸದ್ದನ್ನು ಆಲ್ಬಂನಲ್ಲಿ ಇಟ್ಟುಕೊಂಡು ನಿನ್ನ ಹೆಸರು ಯಾಕೆ ಕೆಡಿಸಿಕೊಳ್ಳುತ್ತೀಯೆ? ಹೆಸರು ದೊಡ್ಡದು. ಅದನ್ನು ಮಾಡಲು ನೀನು ಎಷ್ಟು ಕಷ್ಟಪಟ್ಟಿದ್ದೀಯೆ ಎಂದು ನಾನು ಬಲ್ಲೆ.

ತೆಗೆದುಬಿಡು.

ಭಾವ

(ಹಿಂಬದಿ)
ತಮ್ಮಾ, ಇವರಿಗೆ ಏನಾಗಿದೆಯೋ ತಿಳಿಯದು. ಮೂರನೆಯದನ್ನ ಹಾಕಿ ಅಂತ ಬಂದವರೆಲ್ಲ ಕೇಳಿದರೆ, ಸ್ಪೀಕರ್ ಕೆಟ್ಟಿದೆ ಅನ್ನುತ್ತಾರೆ. ಕೆಟ್ಟಿಲ್ಲ. ನಾನು ಒಬ್ಬಳೇ ಇದ್ದಾಗ ಹಾಕಿಕೊಂಡು ಹೊಲಿಯುತ್ತೇನೆ. ನಿಮ್ಮಿಬ್ಬರ ಕಾನೂನು ನಾನೇ ಮಾಡಿದ್ದು, ಅದಕ್ಕೆ ಮುಂಬದಿ ನೋಡಿಲ್ಲ. ಎಲ್ಲ ಸರಿ ಇದೆ ತಾನೇ? — ಅಕ್ಕ


ಏಪ್ರಿಲ್ 11

ಭಾವನವರಿಗೆ,

ಆಲ್ಬಂ ಹೊರಬಂತು. ಏಳು ತುಣುಕು. ಒಂದು ಪ್ರತಿ ಕಳಿಸಿದ್ದೇನೆ.

ಜೊತೆಗೆ ಒಂದು ಹಾಳೆ ಇದೆ. ಅದು ಹೊದಿಕೆಯ ಮೊದಲ ಕರಡು, ಜನವರಿಯಲ್ಲಿ ಅಚ್ಚು ಹಾಕಿಸಿದ್ದು. ಮೂರನೆಯ ಸಾಲು ಓದಿ. "ತಾಳ" ಎಂಬ ಪದದ ಮುಂದೆ ನಿಮ್ಮ ಹೆಸರಿದೆ, ನನ್ನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ. ಆ ಹೆಸರಿನ ಮುಂದೆ ಪೆನ್ನಿನಿಂದ ನಿಮ್ಮ ತಂದೆಯವರ ಅಕ್ಷರ ಸೇರಿಸಿದವನು ನಾನು, ಫೆಬ್ರವರಿಯ ನಿಮ್ಮ ಕಾಗದದ ಮೊದಲ ಸಾಲು ಓದಿದ ಕೂಡಲೇ. ಎರಡನೆಯ ಸಾಲನ್ನು ಇನ್ನೂ ಓದಿರಲಿಲ್ಲ. ಹೆಸರು ಕೇಳಿದ್ದು ಇದಕ್ಕೆ.

ನೀವು ಸುಳ್ಳು ಹೇಳಿದಿರಿ. ಅದೇ ಹಾಳೆಯ ಹಿಂದೆ ಅಕ್ಕ ನಿಜ ಬರೆದಿದ್ದಳು. ಅವಳಿಗೆ ಪಾಪ, ಮುಂದೆ ಏನಿದೆ ಎಂದು ತಿಳಿಯದು; ಹಿಂದೆ ಏನಿದೆ ಎಂದು ನಿಮಗೆ ತಿಳಿಯದು. ಇಬ್ಬರ ಮಾತನ್ನೂ ಓದಿದವನು ನಾನೊಬ್ಬ. ಕಂಡಕ್ಟರ್ ಒಂದೇ ಬೂಟಿನಲ್ಲಿ ಕುಣಿದದ್ದು, ಮೇಷ್ಟ್ರು ನಾಚಿಕೊಂಡದ್ದು, ನೀವು ಗೋಡೆಗೆ ಮುಖ ಮಾಡಿದ್ದು, ಎಲ್ಲ ನನಗೆ ಗೊತ್ತಿತ್ತು.

ಗೊತ್ತಿದ್ದೂ ತೆಗೆದೆ. ಅದನ್ನು ಹೇಳದೆ ಮುಗಿಸಿದರೆ ನಾನೂ ನಿಮ್ಮ ಹಾಗೇ ಆಗುತ್ತೇನೆ. ಮೊದಲ ಆಲ್ಬಂನಲ್ಲಿ ಒಂದೇ ಹೆಸರು ಎಂದು ಕಂಪನಿಯವರು ಹೇಳಿರಲಿಲ್ಲ. ಎಷ್ಟು ಹೆಸರು ಎಂದು ಕೇಳಿದ್ದರು. ಒಂದು ಎಂದವನು ನಾನು. ಆರು ವರ್ಷ ಅದು ಬೂಟಿನೊಳಗಿನ ಮೊಳೆಯ ಹಾಗೆ ಚುಚ್ಚಿತು. ಈ ಸಲ ಸರಿಮಾಡೋಣವೆಂದು ಹೊರಟೆ. ನಿಮ್ಮ ಸುಳ್ಳು ಕೈಗೆ ಬಂದಾಗ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ ಭಾವ, ಹಗುರವಾದೆ. ತಾನಾಗಿ ಬೇಡ ಎಂದವನಿಗೆ ನಾನೇನು ಮಾಡಲಿ ಎಂದು ಯಾರ ಮುಂದೆ ಬೇಕಾದರೂ ಹೇಳಬಹುದಿತ್ತು. ಆಣೆ ಬೇರೆ ಇಟ್ಟಿದ್ದೆನಲ್ಲ.

ನಿಮ್ಮ ಅಜ್ಜಿ ನಿಲ್ಲಿಸಿದ ಕಥೆಗೆ ಬಾಲ ನಾನು ಸೇರಿಸುತ್ತೇನೆ. ನೀರಿಗೆ ಹೆಸರಿಟ್ಟವನು ಆರು ವರ್ಷದ ಮೇಲೆ ಸರಿಯಾದ ಹೆಸರು ಕೆತ್ತಿಸಿದ ಕಲ್ಲು ಹೊತ್ತು ಬಂದ. ಬಂದು ನೋಡಿದರೆ, ತೋಡಿದವನೇ ಬಾವಿಗೆ ಮಣ್ಣು ತುಂಬುತ್ತಿದ್ದ. ಕಲ್ಲು ಹೊತ್ತವನು ಬೇಡ ಎಂದು ಕೂಗಲಿಲ್ಲ. ಆ ಕಲ್ಲನ್ನೂ ಬಾವಿಗೇ ಹಾಕಿದ.

ಇನ್ನು ಅಭಿಪ್ರಾಯ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.


ಏಪ್ರಿಲ್ 25

ಜೀರುಂಡೆಗೆ,

ನೀನು ಕೇಳಿಲ್ಲ, ಆದರೂ ಅಭಿಪ್ರಾಯ ಬರೆಯುತ್ತೇನೆ. ಈ ಸಲ ಸುಳ್ಳಿಲ್ಲ.

ಏಳು ತುಣುಕನ್ನೂ ಅಂಗಡಿಯಲ್ಲಿ ಹಾಕಿದೆ. ಮೇಷ್ಟ್ರು ಪೇಪರ್ ಓದುತ್ತಿದ್ದರು, ಪುಟ ತಿರುಗಿಸಿದರು. ನರ್ಸಮ್ಮ, "ಚೆನ್ನಾಗಿದೆ ಅಣ್ಣ, ಸ್ವಲ್ಪ ಸಣ್ಣಗೆ ಇಡ್ತೀರಾ?" ಎಂದಳು. ಜಿಪ್ಪಿನ ಅಜ್ಜಿ ಈಗಲೂ ಹಾಡುವವಳಿಗೆ ಕಾಯುತ್ತಿದ್ದಾಳೆ. ಕಂಡಕ್ಟರ್ ಮಾತ್ರ ಕೊನೆಯ ತನಕ ಕೂತು ಕೇಳಿದ.

"ಅಣ್ಣ, ಆ ಕುಂಟೋದು ಎಲ್ಲಿ?"

"ತೆಗೆದಿದಾರೆ."

"ಯಾವ ಬುದ್ಧಿಗೇಡಿ ತೆಗೆದದ್ದು?"

ಅಷ್ಟರಲ್ಲಿ ತುಟಿಗೆ ಮೊಳೆಗಳನ್ನು ಸೇರಿಸಿಕೊಂಡಿದ್ದೆ. ಬಾಯಲ್ಲಿ ಮೊಳೆ ಇದ್ದಾಗ ಉತ್ತರ ಕೊಡಬೇಕಾಗಿಲ್ಲ, ನಮ್ಮ ಕಸುಬಿನಲ್ಲಿ ಅದೊಂದು ಅನುಕೂಲ.

ಸಹಿ ಹಾಕಿಸಿಕೊಳ್ಳುತ್ತೀಯೆ ಎಂದು ತಿಳಿದೆ. ಮತ್ತೆ ಕದ್ದೆ ಎಂದು ತಿಳಿದೆ. ಕೇಳಬಹುದಿತ್ತು, ಕೇಳಲಿಲ್ಲ. ಜನ ಆ ತಾಳಕ್ಕೆ ಕುಣಿದಷ್ಟೂ ನನ್ನ ಹೊಟ್ಟೆ ಉರಿಯಿತು. ನನ್ನದೇ ಸುತ್ತಿಗೆಯ ಮೇಲೆ ನನಗೇ ಹೊಟ್ಟೆಕಿಚ್ಚು, ಇಂಥದ್ದನ್ನು ಯಾವ ಅಜ್ಜಿಯ ಕಥೆಯಲ್ಲೂ ಕೇಳಿಲ್ಲ. ನೀನು ಹಗುರವಾದೆ ಎಂದು ಬರೆದೆ. ಬೇಡ ಎಂದು ಬರೆದ ದಿನ ನಾನೂ ಹಗುರವಾಗಿದ್ದೆ. ಭಾರವೆಲ್ಲ ಯಾರ ಮೇಲೆ ಬಿತ್ತೋ.

ಕಂಡಕ್ಟರ್ ಹಟ ಹಿಡಿದ. ಜನವರಿಯಲ್ಲಿ ನೀನು ಕಳಿಸಿದ್ದರಲ್ಲಿ ಅದು ಇನ್ನೂ ಇದೆಯಲ್ಲ, ಹಾಕಿದೆ. ಬಲಗಾಲಿನ ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಬರಿಗಾಲು ಇಡಲು ಒಂದು ಕಾಗದ ಹಾಸಬೇಕು. ಕೈಗೆ ಸಿಕ್ಕಿದ್ದು ನೀನು ಕಳಿಸಿದ ಆ ಹಾಳೆ. ಕೈಗೆ ಸಿಕ್ಕಿತು ಎಂದರೆ ಮತ್ತೆ ಸುಳ್ಳಾಗುತ್ತದೆ. ಗಲ್ಲಾಪೆಟ್ಟಿಗೆಯಿಂದ ನಾನೇ ತೆಗೆದು ಹಾಸಿದೆ. ನಾಲ್ಕು ಏಟು, ತಡ, ಮತ್ತೆ ನಾಲ್ಕು ಏಟು. ಅವನ ಹೆಬ್ಬೆರಳು ಎದ್ದು ಎದ್ದು ಮೂರನೆಯ ಸಾಲಿನ ಮೇಲೆ ಬೀಳುತ್ತಿತ್ತು. ನೀನು ಪೆನ್ನಿನಿಂದ ಬರೆದ ನಮ್ಮಪ್ಪನ ಅಕ್ಷರ ಬೆವರಿಗೆ ಕಲಸಿಹೋಯಿತು.

"ಯಾರದಣ್ಣ ಇದು?" ಎಂದು ಕೇಳಿದ.

ಮೊಳೆಗಳೆಲ್ಲ ಮುಗಿದಿದ್ದವು. ಬಾಯಿ ಖಾಲಿ ಇತ್ತು. "ಯಾರದೋ" ಎಂದೆ.

"ಯಾರದೋ ಆಗಲಿ, ಪುಣ್ಯಾತ್ಮ" ಎಂದು ಬೂಟು ಹಾಕಿಕೊಂಡು ಹೋದ.

ಈ ಕಾಗದವನ್ನು ಮಡಚದೆ ನಿನ್ನ ಅಕ್ಕನ ಕೈಗೆ ಕೊಡುತ್ತಿದ್ದೇನೆ.

ಭಾವ

(ಹಿಂಬದಿ)
ಓದಿದೆ. ನೀನು ಹನ್ನೊಂದನೇ ತಾರೀಖು ಬರೆದದ್ದನ್ನೂ ತೆಗೆದು ಓದಿದೆ. ಕಾಗದದಲ್ಲಿ ಯಾರೂ ಕಿರುಚೋಕಾಗಲ್ಲ ಅಂತ ನಾನೇ ಹೇಳಿದ್ದೆ. ಅದು ನಿಜ. ಇಬ್ಬರೂ ಒಂದು ಸಲ ಕಿರುಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು.

ಇದು ನಾನು ಡಬ್ಬಿಗೆ ಹಾಕುವ ಕೊನೆಯ ಕಾಗದ. ಇನ್ನು ನನಗೆ ಹಿಂಬದಿ ಬೇಡ. ಮಂಡಿ ಹೇಗಿದೆ ಅಂತ ಇಬ್ಬರೂ ಕೇಳಬೇಡಿ.